ಹೆಸರು ಬಿಡಿ, ಮದುವೆ ಹಿಡಿಯಿರಿ: ಫ್ರೆಂಚ್ ಕೆನಡಾದ ವಂಶಾವಳಿ ಹುಡುಕುವ ಬಗೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಮನೆತನದ ಹೆಸರು ತ್ರಾಂಬ್ಲೆ. ಬೀದಿಗೊಬ್ಬರು ಸಿಗುತ್ತಾರೆ. ವಿಚಿತ್ರ ಏನಂದರೆ, ಇವರೆಲ್ಲ ಒಬ್ಬನೇ ಮನುಷ್ಯನ ಸಂತಾನ. ಅವನ ಹೆಸರು ಪಿಯೆರ್ ತ್ರಾಂಬ್ಲೆ, ಫ್ರಾನ್ಸಿನ ಪೆರ್ಶ್ ಸೀಮೆಯ ರಾಂದೊನೆ ಎಂಬ ಹಳ್ಳಿಯವನು. 1657ರ ಅಕ್ಟೋಬರ್ 2ರಂದು ಕ್ವಿಬೆಕ್ ಪಟ್ಟಣದಲ್ಲಿ ಓಝಾನ್ ಆಶೋಂ ಎಂಬವಳ ಜೊತೆ ಅವನ ಮದುವೆಯಾಯಿತು. ಹನ್ನೆರಡು ಮಕ್ಕಳಾದವು. ಮುಂದಿನದು ನಿಮಗೇ ಗೊತ್ತಾಗುತ್ತದೆ.

ಮೂರೂವರೆ ಶತಮಾನದ ಹಿಂದಿನ ಒಬ್ಬ ರೈತನ ಮದುವೆಯ ತಾರೀಖು ಇಷ್ಟು ಖಚಿತವಾಗಿ ಹೇಗೆ ಗೊತ್ತು? ಅವನು ರಾಜನಲ್ಲ, ಪಾದ್ರಿಯಲ್ಲ. ಇದೇ ಫ್ರೆಂಚ್ ಕೆನಡಾದ ವಿಶೇಷ. ಅಲ್ಲಿನ ಸಾಧಾರಣ ಕುಟುಂಬವೊಂದು ಸ್ವಲ್ಪ ತಾಳ್ಮೆ ಇದ್ದರೆ ಹತ್ತು ಹನ್ನೆರಡು ತಲೆಮಾರು ಹಿಂದೆ ಹೋಗಿ, ಹಡಗಿನಿಂದ ಇಳಿದ ಮೊದಲ ಮನುಷ್ಯನ ಹತ್ತಿರ ನಿಲ್ಲಬಹುದು. ಆದರೆ ಮನೆತನದ ಹೆಸರನ್ನೇ ನಂಬಿ ಹೊರಟರೆ ಮೂರನೇ ತಲೆಮಾರಿಗೇ ದಾರಿ ತಪ್ಪುತ್ತದೆ. ದಾಖಲೆ ಅಷ್ಟು ಗಟ್ಟಿ, ಹೆಸರು ಅಷ್ಟೇ ಜಾರು.

ಮೊದಲು ದಾಖಲೆ ವಿಷಯ ನೋಡೋಣ. ಫ್ರಾನ್ಸಿನಲ್ಲಿ 1539ರಲ್ಲೇ ರಾಜ ಒಂದು ಆಜ್ಞೆ ಹೊರಡಿಸಿ, ದೀಕ್ಷಾಸ್ನಾನವನ್ನೆಲ್ಲ ಬರೆದಿಡಿ ಎಂದು ಚರ್ಚುಗಳಿಗೆ ಹೇಳಿದ್ದ. 1579ರಲ್ಲಿ ಮದುವೆ, ಸಾವುಗಳೂ ಸೇರಿದವು. 1667ರಲ್ಲಿ 14ನೇ ಲೂಯಿಯ ಕಾಲದಲ್ಲಿ ಬಂದ ನಿಯಮ ಇನ್ನೂ ಮುಖ್ಯವಾದದ್ದು: ಪ್ರತಿ ಚರ್ಚು ಎರಡು ಪ್ರತಿ ಬರೆಯಬೇಕು, ಒಂದು ಚರ್ಚಿನಲ್ಲೇ ಇರಬೇಕು, ಇನ್ನೊಂದು ಕೋರ್ಟಿಗೆ ಹೋಗಬೇಕು. ಕ್ವಿಬೆಕ್‌ನಲ್ಲಿ 1679ರಿಂದ ಇದು ಜಾರಿಗೆ ಬಂತು. ಚರ್ಚಿಗೆ ಬೆಂಕಿ ಬಿದ್ದರೂ ಕೋರ್ಟಿನ ಪ್ರತಿ ಉಳಿಯುತ್ತಿತ್ತು. ಬೆಂಕಿ ಬೀಳುತ್ತಲೂ ಇತ್ತು. 1640ರಲ್ಲಿ, ಅಂದರೆ ಎರಡು ಪ್ರತಿಯ ನಿಯಮಕ್ಕೂ ಮೊದಲು, ಕ್ವಿಬೆಕ್ ಪಟ್ಟಣದ ಚರ್ಚು ಸುಟ್ಟುಹೋಗಿ ಅಲ್ಲಿಯವರೆಗಿನ ಪುಸ್ತಕಗಳೆಲ್ಲ ಬೂದಿಯಾದವು. ಆಗ ಊರಲ್ಲಿ ಇದ್ದವರೇ ಕೆಲವು ನೂರು ಜನ. ಅವರ ನೆನಪಿನಿಂದಲೇ ಪುಸ್ತಕವನ್ನು ಮತ್ತೆ ಬರೆದರು.

1760ರ ಹೊತ್ತಿಗೆ ಬ್ರಿಟಿಷರು ಬಂದರು. ಇಲ್ಲಿಗೆ ಕಥೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. 1774ರ ಕ್ವಿಬೆಕ್ ಕಾಯ್ದೆಯಲ್ಲಿ ಬ್ರಿಟಿಷರು ಫ್ರೆಂಚ್ ಸಿವಿಲ್ ಕಾನೂನನ್ನೂ ಕ್ಯಾಥೊಲಿಕ್ ಧರ್ಮವನ್ನೂ ಹಾಗೇ ಬಿಟ್ಟರು. ಪಾದ್ರಿಗಳು ತಮ್ಮ ಪಾಡಿಗೆ ಬರೆಯುತ್ತಾ ಹೋದರು. ಚರ್ಚಿನ ಪುಸ್ತಕವೇ ಸರ್ಕಾರಿ ದಾಖಲೆಯೂ ಆಗಿರುವ ಈ ಪದ್ಧತಿ 1993ರ ಕೊನೆಯವರೆಗೂ ನಡೆಯಿತು. 1994ರ ಜನವರಿಯಿಂದ ಈ ಕೆಲಸ ಒಂದು ಸರ್ಕಾರಿ ಕಚೇರಿಗೆ ಬಂತು.

ಈಗ ಒಂದು ಮದುವೆ ದಾಖಲೆ ಹೇಗಿರುತ್ತದೆ ನೋಡಿ. ಅರ್ಧ ಪುಟ ಅಷ್ಟೇ, ಪಾದ್ರಿಯ ಓರೆ ಅಕ್ಷರ. ಮೊದಲು ವರ್ಷ, ತಿಂಗಳು, ದಿನ, ಎಲ್ಲ ಅಕ್ಷರದಲ್ಲಿ. ಆಮೇಲೆ, ಮೂರು ಭಾನುವಾರ ಪೂಜೆಯ ಹೊತ್ತಿಗೆ ಈ ಮದುವೆಯನ್ನು ಸಾರಿದ್ದೇವೆ, ಯಾರೂ ಆಕ್ಷೇಪ ಎತ್ತಿಲ್ಲ ಎಂಬ ಸಾಲು. ಆಮೇಲೆ ವರ, ಅವನ ಕಸುಬು, ಅವನ ಅಪ್ಪ, ಅವನ ಅಮ್ಮ, ಯಾವ ಚರ್ಚಿನ ವ್ಯಾಪ್ತಿಯವರು ಎಂಬುದು. ನಂತರ ವಧು, ಅವಳ ಅಪ್ಪ, ಅವಳ ಅಮ್ಮ. ಆಮೇಲೆ ಸಾಕ್ಷಿಗಳು: ಅಣ್ಣ, ಚಿಕ್ಕಪ್ಪ, ನೆರೆಮನೆಯವನು. ಕೊನೆಗೆ ‘ಸಹಿ ಮಾಡಲು ಬರುವುದಿಲ್ಲ ಎಂದು ಹೇಳಿದರು’ ಎಂಬ ಮಾತು, ಅದರ ಕೆಳಗೆ ಪಾದ್ರಿಯದೊಂದೇ ಸಹಿ.

ಇದರಲ್ಲಿ ಚಿನ್ನದಂಥ ವಿಷಯ ಯಾವುದು ಗೊತ್ತಾ? ಇಬ್ಬರು ಅಮ್ಮಂದಿರ ಹೆಸರೂ ತವರಿನ ಹೆಸರಿನ ಜೊತೆಗೇ ಇರುತ್ತದೆ. ಇಂಗ್ಲೆಂಡಿನ ಅಥವಾ ಅಮೆರಿಕದ ಹಳೇ ದಾಖಲೆ ಹುಡುಕಿದವರಿಗೆ ಇದರ ಬೆಲೆ ತಿಳಿಯುತ್ತದೆ. ಅಲ್ಲಿ ಮದುವೆಯಾದ ಕೂಡಲೇ ಹೆಣ್ಣು ಗಂಡನ ಹೆಸರಿನೊಳಗೆ ಮಾಯವಾಗುತ್ತಾಳೆ. ಫ್ರೆಂಚ್ ಕೆನಡಾದಲ್ಲಿ ಹಾಗಲ್ಲ. ಹುಟ್ಟಿದಾಗಿನ ಹೆಸರೇ ಸಾಯುವವರೆಗೆ ಕಾನೂನಿನ ಹೆಸರು. ನೆರೆಹೊರೆಯವರು ಬಾಯಲ್ಲಿ ‘ತ್ರಾಂಬ್ಲೆ ಮೇಡಂ’ ಎಂದು ಕರೆದಿರಬಹುದು, ಆದರೆ ಪಾದ್ರಿಯ ಪುಸ್ತಕದಲ್ಲೂ ನೋಟರಿಯ ಕಾಗದದಲ್ಲೂ ಅವಳು ಓಝಾನ್ ಆಶೋಂಳೇ.

ಹಾಗಾಗಿ ವಂಶಾವಳಿ ಹುಡುಕುವ ಕ್ರಮ ಬಹಳ ಸರಳ. ನಿಮ್ಮ ಅಜ್ಜ ಅಜ್ಜಿಯ ಮದುವೆ ದಾಖಲೆ ಸಿಕ್ಕಿತು ಅನ್ನಿ. ಅದರಲ್ಲಿ ನಾಲ್ಕು ಜನ ಹಿರಿಯರ ಹೆಸರಿದೆ, ಅಂದರೆ ಎರಡು ಜೋಡಿ. ಆ ಎರಡು ಜೋಡಿಯ ಮದುವೆ ಹುಡುಕಿ. ಅಲ್ಲಿಂದ ನಾಲ್ಕು ಜೋಡಿ. ಹೀಗೆ ಏಣಿ ಹತ್ತುತ್ತಾ ಹೋಗುವುದು. ಹುಟ್ಟು ಸಾವಿನ ದಾಖಲೆಗಳು ಅನುಮಾನ ಬಂದಾಗ ನೋಡಿಕೊಳ್ಳಲು. ದಾರಿ ತೋರಿಸುವುದು ಮದುವೆಯೇ.

ಒಂದು ಗುಂಡಿ ಮಾತ್ರ ಇದೆ. ವಿಧವೆಯೋ ವಿಧುರನೋ ಮತ್ತೆ ಮದುವೆಯಾದರೆ ಪಾದ್ರಿಗಳು ಸಾಮಾನ್ಯವಾಗಿ ಅಪ್ಪ ಅಮ್ಮನ ಹೆಸರು ಬರೆಯುತ್ತಿರಲಿಲ್ಲ. ‘ದಿವಂಗತ ಇಂಥವನ ವಿಧವೆ’ ಎಂದಷ್ಟೇ ಬರೆದು ಮುಗಿಸುತ್ತಿದ್ದರು. ಆಗ ಅವಳ ಮೊದಲ ಮದುವೆ ಹುಡುಕಿ, ಅಲ್ಲಿಂದ ಮೇಲೆ ಹೋಗಬೇಕು. ಆ ಕಾಲದಲ್ಲಿ ಮೂರು ಸಲ ಮದುವೆಯಾದವರೂ ಬೇಕಾದಷ್ಟು ಜನ ಇದ್ದರು.

ಇನ್ನೊಂದು ಸಾಲನ್ನು ಬಿಡದೆ ಓದಿ. ‘ನಾಲ್ಕನೇ ಡಿಗ್ರಿಯ ರಕ್ತಸಂಬಂಧಕ್ಕೆ ಬಿಷಪ್ಪರಿಂದ ವಿನಾಯಿತಿ ಸಿಕ್ಕಿದೆ’ ಎಂದು ಕೆಲವು ಕಡೆ ಇರುತ್ತದೆ. ಚರ್ಚಿನ ಲೆಕ್ಕದಲ್ಲಿ ಎರಡನೇ ಡಿಗ್ರಿ ಅಂದರೆ ವಧೂವರರಿಗೆ ತಾತ ಅಜ್ಜಿ ಒಬ್ಬರೇ, ಮೂರನೆಯದು ಅಂದರೆ ಮುತ್ತಾತ ಮುತ್ತಜ್ಜಿ ಒಬ್ಬರೇ, ನಾಲ್ಕನೆಯದು ಇನ್ನೂ ಒಂದು ಮೆಟ್ಟಿಲು ಮೇಲೆ. ಪಾದ್ರಿ ಬರೆದ ಆ ಒಂದು ಸಾಲಿನಿಂದ, ನಿಮ್ಮ ಮರದ ಎರಡು ಕೊಂಬೆ ಎಲ್ಲಿ ಕೂಡುತ್ತವೆ ಎಂಬುದು ಮೊದಲೇ ತಿಳಿದುಹೋಗುತ್ತದೆ.

ಕೂಡುವುದಂತೂ ಖಂಡಿತ. ಯಾಕೆಂದರೆ ಬಂದವರೇ ಕಡಿಮೆ ಜನ. ಕ್ವಿಬೆಕ್ ಪಟ್ಟಣ ಶುರುವಾದದ್ದು 1608ರಲ್ಲಿ, ಮಾಂಟ್ರಿಯಲ್ 1642ರಲ್ಲಿ. ಫ್ರೆಂಚ್ ಆಳ್ವಿಕೆ ಮುಗಿಯುವವರೆಗೆ ಅಲ್ಲೇ ನೆಲೆಸಿ ಸಂತಾನ ಬಿಟ್ಟುಹೋದವರು ಹತ್ತು ಸಾವಿರದ ಆಸುಪಾಸು. ಹೆಂಗಸರಂತೂ ಬೆರಳೆಣಿಕೆ. ಅದಕ್ಕೇ 1663ರಿಂದ 1673ರವರೆಗೆ ರಾಜನೇ ತನ್ನ ಖರ್ಚಿನಲ್ಲಿ ಸುಮಾರು 800 ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿ ಕಳಿಸಿದ. ‘ರಾಜನ ಹೆಣ್ಣುಮಕ್ಕಳು’ ಎಂದೇ ಅವರಿಗೆ ಹೆಸರು. ಹೆಚ್ಚಿನವರಿಗೆ ಬಂದ ಕೆಲವೇ ತಿಂಗಳಲ್ಲಿ ಮದುವೆ. ನೋಟರಿ ಹತ್ತಿರ ಒಬ್ಬನ ಜೊತೆ ಮದುವೆ ಒಪ್ಪಂದ ಬರೆಸಿ, ಮನಸ್ಸು ಬದಲಾಗಿ, ಅದನ್ನು ರದ್ದು ಮಾಡಿ, ಇನ್ನೊಬ್ಬನನ್ನು ಕಟ್ಟಿಕೊಂಡವರೂ ಅವರಲ್ಲಿದ್ದರು. ಹಾಗಾಗಿ ಒಪ್ಪಂದ ಸಿಕ್ಕಿತು ಅಂದಕೂಡಲೇ ಮದುವೆ ಆಯಿತು ಅಂದುಕೊಳ್ಳಬೇಡಿ, ಚರ್ಚಿನ ಪುಸ್ತಕ ನೋಡಿ.

ಒಪ್ಪಂದ ಅಂದಾಗ ಝಕಾರಿ ಕ್ಲೂತಿಯೆಯ ಮಾತು ಬರಲೇಬೇಕು. ಬಡಗಿ. 1634ರಲ್ಲಿ ಪೆರ್ಶ್ ಸೀಮೆಯಿಂದ ಬಂದವನು. ಅವನ ಮಗಳು ಆನ್ ಮತ್ತು ರೊಬೆರ್ ದ್ರುವೆಂ ಎಂಬವನ ಮದುವೆ ಒಪ್ಪಂದ 1636ರ ಜುಲೈಯಲ್ಲಿ ಬರೆದದ್ದು, ಕೆನಡಾದಲ್ಲಿ ಈಗ ಉಳಿದಿರುವ ಮದುವೆ ಒಪ್ಪಂದಗಳಲ್ಲೆಲ್ಲ ಹಳೆಯದು. ಹುಡುಗಿಗೆ ಆಗ ಹತ್ತು ವರ್ಷ! ಚರ್ಚಿನಲ್ಲಿ ಮದುವೆ ನಡೆದದ್ದು ಮರುವರ್ಷ. ಒಪ್ಪಂದ ಬರೆದುಕೊಟ್ಟವನು ಜೊತೆಯಲ್ಲೇ ಬಂದಿದ್ದ ಗಾರೆ ಕೆಲಸದವನು ಜಾಂ ಗಿಯೋನ್. ಝಕಾರಿಗೆ ಓದು ಬರಹ ಬರುತ್ತಿರಲಿಲ್ಲ. ಸಹಿಯ ಬದಲು ಕೊಡಲಿಯ ಗುರುತು ಹಾಕುತ್ತಿದ್ದ. 1800ರ ಹೊತ್ತಿಗೆ ಇವನ ಸಂತಾನ 10,850 ಜನ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಫ್ರಾನ್ಸಿನಿಂದ ಬಂದು ನೆಲೆಸಿದ ಮೊದಲಿಗರಲ್ಲಿ ಇಷ್ಟು ಸಂತಾನ ಇನ್ಯಾರಿಗೂ ಇರಲಿಲ್ಲ. ಫ್ರೆಂಚ್ ಕೆನಡಾದ ಯಾರದೇ ಮರ ಬಿಡಿಸಿದರೂ ಎಲ್ಲೋ ಒಂದು ಕಡೆ ಈ ಕೊಡಲಿ ಸಿಗುವ ಸಾಧ್ಯತೆ ಜಾಸ್ತಿ.

ಆ ಜಾಂ ಗಿಯೋನನ ವಂಶದಲ್ಲೇ ಗಾಯಕಿ ಸೆಲೀನ್ ಡಿಯೋನ್ ಬರುತ್ತಾರೆ. ಗಿಯೋನ್ ಹೇಗೆ ಡಿಯೋನ್ ಆಯಿತು? ಕಿವಿಗೆ ಕೇಳಿದಂತೆ ಬರೆದರು, ಅಷ್ಟೇ. ಹೆಸರು ಇರುವವನಿಗೆ ಓದಲು ಬರುವುದಿಲ್ಲ, ಬರೆಯುವ ಪಾದ್ರಿಗೆ ತನ್ನ ಕಿವಿಯೇ ನಿಘಂಟು. ಕೆನಡಾದ ಇಬ್ಬರು ಪ್ರಧಾನಿಗಳನ್ನು ಕೊಟ್ಟ ಟ್ರುಡೊ ಮನೆತನದ ಮೂಲಪುರುಷ ಎತಿಯೆನ್, 1659ರಲ್ಲಿ ಬಂದ ಬಡಗಿ, ಹಳೇ ಕಾಗದಗಳಲ್ಲಿ ತ್ರುತೊ ಎಂದೂ ಸಿಗುತ್ತಾನೆ. ಹುಡುಕುವಾಗ ಒಂದೇ ಕಾಗುಣಿತಕ್ಕೆ ಅಂಟಿಕೊಂಡರೆ ಏನೂ ಸಿಗುವುದಿಲ್ಲ.

ಕಾಗುಣಿತದ ಕಾಟ ಪರವಾಗಿಲ್ಲ. ನಿಜವಾದ ತಲೆನೋವು ‘ದಿ’ ಹೆಸರುಗಳದು. ಉದಾಹರಣೆಗೆ ‘ಪಿಯೆರ್ ಹುದೋಂ ದಿ ಬೊಲ್ಯೂ’ ಅಂದರೆ, ಬೊಲ್ಯೂ ಎಂದು ಕರೆಸಿಕೊಳ್ಳುವ ಪಿಯೆರ್ ಹುದೋಂ. ಒಬ್ಬ ಮನುಷ್ಯ, ಎರಡು ಮನೆತನದ ಹೆಸರು. ನಮ್ಮ ಹಳ್ಳಿಗಳಲ್ಲಿ ನಾಲ್ಕು ಜನ ಮಂಜಪ್ಪ ಇದ್ದರೆ ಒಬ್ಬ ಕೆರೆಮನೆ ಮಂಜಪ್ಪ, ಇನ್ನೊಬ್ಬ ಮೇಲಿನಮನೆ ಮಂಜಪ್ಪ ಆಗುವುದಿಲ್ಲವೇ, ಸುಮಾರು ಹಾಗೆ. ಆದರೆ ಇಲ್ಲಿ ಆ ಅಡ್ಡಹೆಸರು ಮಕ್ಕಳಿಗೂ ಮೊಮ್ಮಕ್ಕಳಿಗೂ ದಾಖಲೆಯಲ್ಲೇ ಇಳಿದುಹೋಗುತ್ತದೆ.

ಬಹಳಷ್ಟು ‘ದಿ’ ಹೆಸರುಗಳು ಸೈನ್ಯದಿಂದ ಬಂದವು. ಅಲ್ಲಿನ ಮೂಲನಿವಾಸಿಗಳಾದ ಇರೊಕ್ವಾ ಜನರ ಜೊತೆ ಕಾದಾಡಲು 1665ರಲ್ಲಿ ಕರಿಞಾನ್ ಸಾಲಿಯೆರ್ ಎಂಬ ಪಡೆಯನ್ನು ಫ್ರಾನ್ಸ್ ಕಳಿಸಿತು. ಸುಮಾರು 1,200 ಸೈನಿಕರು. ಯುದ್ಧ ಮುಗಿದ ಮೇಲೆ ಅವರಲ್ಲಿ ಸುಮಾರು 400 ಜನ ಜಮೀನು ಪಡೆದು ಅಲ್ಲೇ ಉಳಿದರು. ಫ್ರೆಂಚ್ ಸೈನಿಕನಿಗೆ ಒಂದು ಯುದ್ಧದ ಹೆಸರು ಇರುವುದು ವಾಡಿಕೆ. ಆ ಹೆಸರುಗಳು ತಮಾಷೆಯಾಗಿವೆ: ಲಾಫ್ಲರ್ ಅಂದರೆ ಹೂವು, ಸಾಂಸೂಸಿ ಅಂದರೆ ಚಿಂತೆಯಿಲ್ಲದವನು, ಲಾಜ್ಯುನೆಸ್ ಅಂದರೆ ಯೌವನ, ತ್ರಾಂಶ್‌ಮೊಂತಾಞ್ ಅಂದರೆ ಬೆಟ್ಟ ಕಡಿಯುವವನು. ಕೆಲವು ಊರಿನ ಗುರುತು: ಆಂಜು ಸೀಮೆಯವನು ಲಾಂಜೆವೆಂ, ಪಿಕಾರ್ದಿಯವನು ಪಿಕಾರ್. ಒಂದೊಂದು ತುಕಡಿಯಲ್ಲೂ ಒಬ್ಬ ಲಾಫ್ಲರ್ ಇದ್ದೇ ಇರುತ್ತಿದ್ದ. ಹಾಗಾಗಿ ಇವತ್ತು ಇಬ್ಬರು ಲಾಫ್ಲರ್‌ಗಳು ಸಿಕ್ಕರೆ ಅವರು ನೆಂಟರೇ ಆಗಬೇಕೆಂದಿಲ್ಲ.

ಆಮೇಲೆ ಏನಾಯಿತು ಅಂದರೆ, ಎರಡು ಹೆಸರನ್ನೂ ಹೊತ್ತುಕೊಂಡು ತಿರುಗುವುದು ಬೇಸರವಾಗಿ ಕುಟುಂಬಗಳು ಒಂದನ್ನು ಕೈಬಿಟ್ಟವು. ಯಾವುದನ್ನು ಎಂಬುದಕ್ಕೆ ನಿಯಮವೇ ಇಲ್ಲ. ಅಣ್ಣ ಹುದೋಂ ಇಟ್ಟುಕೊಂಡ, ತಮ್ಮ ಬೊಲ್ಯೂ ಇಟ್ಟುಕೊಂಡ. ಮೂರು ತಲೆಮಾರಿನ ನಂತರ ಒಂದೇ ಊರಿನಲ್ಲಿ ಎರಡು ಮನೆತನ, ಒಂದೇ ರಕ್ತ. ಮಿವಿಲ್ ಮತ್ತು ದೆಶೆನ್ ಮನೆತನಗಳ ಕಥೆಯೂ ಇದೇ. ಒಬ್ಬನೇ ಮನುಷ್ಯ ದೀಕ್ಷಾಸ್ನಾನದಲ್ಲಿ ಒಂದು, ಮದುವೆಯಲ್ಲಿ ಇನ್ನೊಂದು, ಸತ್ತಾಗ ಎರಡೂ ಹೆಸರಿನಲ್ಲಿ ಕಾಣಿಸಿಕೊಳ್ಳುವುದುಂಟು. ಈಗ ಗೊತ್ತಾಯಿತಲ್ಲ, ಜೋಡಿಯನ್ನೇ ಯಾಕೆ ಹುಡುಕಬೇಕು ಅಂತ? ಗಂಡನ ಹೆಸರು ಅತ್ತ ಇತ್ತ ಹೊರಳಿದರೂ ಹೆಂಡತಿಯ ಹೆಸರು ಮತ್ತು ಅವಳ ಅಪ್ಪ ಅಮ್ಮನ ಹೆಸರು ಒಟ್ಟಿಗೆ ಇರುತ್ತವೆ. ಎಲ್ಲವೂ ಒಂದೇ ಸಲ ಬದಲಾಗುವುದು ಅಪರೂಪ.

ತ್ರಾಂಬ್ಲೆ ಮನೆತನದ ಹಾಗೆ ಒಂದೇ ಬೇರು ಇರುವುದು ಎಲ್ಲ ಹೆಸರಿಗೂ ಅಲ್ಲ ಎಂಬುದೂ ನೆನಪಿರಲಿ. ರುವಾ ಎಂಬ ಹೆಸರೂ ಕ್ವಿಬೆಕ್‌ನಲ್ಲಿ ಬಹಳ ಸಾಮಾನ್ಯ, ಆದರೆ ಆ ಹೆಸರಿನವರು ಬೇರೆ ಬೇರೆ ಊರಿಂದ ಬೇರೆ ಬೇರೆಯಾಗಿ ಬಂದವರು. ರುವಾ ದಿ ದೆಜಾರ್ದೆಂ ಒಂದು ಮನೆ, ರುವಾ ದಿ ಲೊಝಿಯೆ ಇನ್ನೊಂದು. ಇಲ್ಲಿ ಆ ‘ದಿ’ಯೇ ನಿಮ್ಮನ್ನು ಕಾಪಾಡುತ್ತದೆ.

ಇಟ್ಟ ಹೆಸರಿನಲ್ಲೂ ಒಂದು ಮೋಸ ಇದೆ. 19ನೇ ಶತಮಾನದ ದಾಖಲೆ ತೆರೆದರೆ ಗಂಡುಮಕ್ಕಳೆಲ್ಲ ಜೋಸೆಫ್, ಹೆಣ್ಣುಮಕ್ಕಳೆಲ್ಲ ಮರಿ, ಅಂದರೆ ಮೇರಿ. ದಿಗಿಲಾಗಬೇಡಿ. ಅದು ಸಂತರ ಹೆಸರು, ಸುಮ್ನೆ ಎಲ್ಲರಿಗೂ ಅಂಟಿಸುವುದು. ಎರಡನೆಯದು ಸಾಮಾನ್ಯವಾಗಿ ಧರ್ಮಪಿತನದು ಅಥವಾ ಧರ್ಮಮಾತೆಯದು. ಕರೆಯುವ ಹೆಸರು ಹೆಚ್ಚಾಗಿ ಕೊನೆಯಲ್ಲಿರುತ್ತದೆ. ಮಾಜಿ ಪ್ರಧಾನಿ ಜಾಂ ಕ್ರೆಟಿಯನ್ ಅವರ ಪೂರ್ತಿ ಹೆಸರು ಜೋಸೆಫ್ ಜಾಕ್ ಜಾಂ ಕ್ರೆಟಿಯನ್. ಜೋಸೆಫ್ ಎಂದು ಹುಡುಕಿದರೆ ಅವರು ನಿಮಗೆ ಸಿಗುವುದೇ ಇಲ್ಲ. ಇನ್ನು ಒಂದು ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರಿಡುವುದೂ ಇತ್ತು. ಹುಟ್ಟಿದ ದಾಖಲೆ ಸಿಕ್ಕ ಖುಷಿಯಲ್ಲಿ ಸಾವಿನ ಪುಸ್ತಕ ನೋಡದೆ ಬಿಟ್ಟರೆ, ಆರು ತಿಂಗಳಿಗೇ ತೀರಿಕೊಂಡ ಕೂಸನ್ನು ನಿಮ್ಮ ಮುತ್ತಾತ ಮಾಡಿಬಿಡುತ್ತೀರಿ.

ಇಷ್ಟೆಲ್ಲ ಗೊತ್ತಿದ್ದರೂ ದಾರಿ ಕಾಣದ ಪ್ರಸಂಗಗಳಿವೆ. ಅಮೆರಿಕದ ಲೇಖಕ ಜ್ಯಾಕ್ ಕೆರೊವಾಕ್ ಮ್ಯಾಸಚೂಸೆಟ್ಸ್‌ನ ಲೊವೆಲ್ ಎಂಬ ಮಿಲ್ ಊರಿನಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಕ್ವಿಬೆಕ್ ಮೂಲದವರು. ತಮ್ಮ ಮೂಲ ಹುಡುಕಲು 1965ರಲ್ಲಿ ಫ್ರಾನ್ಸಿಗೂ ಹೋಗಿ ಬಂದರು, ಸಿಗಲಿಲ್ಲ. ವಂಶದ ಮೊದಲಿಗ 1732ರಲ್ಲಿ ಕಾಪ್ ಸಾಂತಿಞಾಸ್ ಎಂಬಲ್ಲಿ ಲೂಯಿಸ್ ಬೆರ್ನಿಯೆಯನ್ನು ಮದುವೆಯಾದವನು. ಆದರೆ ಅಲ್ಲಿ ಅವನು ಬರೆಸಿದ ಹೆಸರಿನವರು ಫ್ರಾನ್ಸಿನ ಯಾವ ಪುಸ್ತಕದಲ್ಲೂ ಇರಲಿಲ್ಲ. ಕೆರೊವಾಕ್ ತೀರಿಕೊಂಡು ದಶಕಗಳಾದ ಮೇಲೆ ಸತ್ಯ ಹೊರಬಂತು: ಅವನು ಫ್ರಾನ್ಸಿನ ಬ್ರಿಟನಿ ಸೀಮೆಯ ಯೆಲ್ಗ್ವಾತ್ ಊರಿನ ಒಬ್ಬ ನೋಟರಿಯ ಮಗ, ನಿಜ ಹೆಸರು ಉರ್ಬೆಂ ಫ್ರಾಂಸ್ವಾ ಲ ಬಿಹಾನ್. ಮನೆಯ ಆಸ್ತಿಗಿದ್ದ ‘ಕೆರ್ವೊವಾಕ್’ ಎಂಬ ಹೆಸರನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನೆಲ್ಲ ಬದಲಿಸಿಕೊಂಡಿದ್ದ. ಮನುಷ್ಯನೇ ಬೇಕೆಂದು ಮರೆಮಾಚಿದರೆ ಪಾದ್ರಿ ಏನು ಮಾಡಿಯಾನು?

ಲೊವೆಲ್‌ನಂಥ ಊರುಗಳಿಗೆ ಕ್ವಿಬೆಕ್ ಜನ ಹೋದದ್ದು ಹೊಟ್ಟೆಪಾಡಿಗೆ. 1840ರಿಂದ 1930ರವರೆಗೆ ಸುಮಾರು 9 ಲಕ್ಷ ಜನ ಗಡಿ ದಾಟಿ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಬಟ್ಟೆ ಮಿಲ್ಲುಗಳಿಗೆ, ಇಟ್ಟಿಗೆ ಗೂಡುಗಳಿಗೆ ಹೋದರು. ಅಲ್ಲಿ ಹೆಸರಿಗೆ ಮೂರನೇ ಏಟು ಬಿತ್ತು. ಬುವಾವೆರ್ ಹೋಗಿ ಗ್ರೀನ್‌ವುಡ್ ಆಯಿತು, ಲಬ್ಲಾಂ ಹೋಗಿ ವೈಟ್ ಆಯಿತು, ರುವಾ ಕಿಂಗ್ ಆದ. ಕೂರ್ತ್‌ಮಾಂಶ್ ಎಂಬವರು ಶಾರ್ಟ್‌ಸ್ಲೀವ್ಸ್ ಆದರು, ಅಂದರೆ ಗಿಡ್ಡ ತೋಳು! ಅರ್ಥ ನೋಡಿ ಬದಲಿಸಿದ್ದು ಹೀಗೆ. ಬರೀ ಸದ್ದಿನ ಮೇಲೆ ಬದಲಾದವು ಇನ್ನೂ ಕಷ್ಟ. ಬೆನುವಾ ಬೆನ್‌ವೇ ಆಯಿತು, ಬೂಶೆ ಬುಶಿ ಆಯಿತು. ಇಂಥ ಕಡೆ ಊರಿನ ಫ್ರೆಂಚ್ ಕ್ಯಾಥೊಲಿಕ್ ಚರ್ಚಿನ ಪುಸ್ತಕ ನೋಡುವುದೇ ಒಳ್ಳೆಯದು, ಅಲ್ಲಿನ ಪಾದ್ರಿ ಹಳೇ ಹೆಸರನ್ನೇ ಬರೆದಿರುತ್ತಾನೆ.

ಇದರ ಉಲ್ಟಾ ಕಥೆಯೂ ಇದೆ. ಫನಫ್ ಎಂಬ ಮನೆತನ ಕೇಳಿದರೆ ಅಪ್ಪಟ ಕ್ವಿಬೆಕ್ ಹೆಸರು. ಮೂಲ ನೋಡಿದರೆ ಮ್ಯಾಸಚೂಸೆಟ್ಸ್‌ನ ಗ್ರಾಟನ್‌ನಲ್ಲಿದ್ದ ಮಥಾಯಸ್ ಫಾರ್ನ್ಸ್‌ವರ್ತ್ ಎಂಬ ಇಂಗ್ಲಿಷ್ ಹುಡುಗ. 1704ರಲ್ಲಿ ಅವನನ್ನು ಸೆರೆಹಿಡಿದು ಮಾಂಟ್ರಿಯಲ್ ಕಡೆಗೆ ಕರೆದೊಯ್ದರು. ಅಲ್ಲೇ ಕ್ಯಾಥೊಲಿಕ್ ಆದ, ಅಲ್ಲೇ ಮದುವೆಯಾದ, ವಾಪಸ್ ಬರಲಿಲ್ಲ. ಫಾರ್ನ್ಸ್‌ವರ್ತ್ ಎಂಬುದು ಫ್ರೆಂಚ್ ಬಾಯಿಗೆ ಸಿಕ್ಕಿ ಸವೆದು ಫನಫ್ ಆಯಿತು.

ನಿಮ್ಮ ಮೂಲ ಅಕೇಡಿಯಾದ ಕಡೆಯದಾದರೆ, ಅಂದರೆ ಈಗಿನ ನೋವಾ ಸ್ಕೋಶಿಯಾದ ಸುತ್ತಮುತ್ತ, ಕೆಲಸ ಬೇರೆಯೇ. 1755ರಿಂದ ಬ್ರಿಟಿಷರು ಅಲ್ಲಿನ ಫ್ರೆಂಚ್ ರೈತರನ್ನು ಸಾವಿರಗಟ್ಟಲೆ ಹಡಗಿಗೆ ತುಂಬಿ ಚೆಲ್ಲಾಪಿಲ್ಲಿ ಮಾಡಿದರು. ಜನರ ಜೊತೆ ಪುಸ್ತಕಗಳೂ ಹೋದವು. ಗ್ರಾಂ ಪ್ರೆ ಎಂಬ ಊರಿನ ಚರ್ಚಿನ ಪುಸ್ತಕಗಳನ್ನು ಓಡಿಹೋದವರು ಜೊತೆಗೇ ಒಯ್ದರು. ಅವು ಕೊನೆಗೆ ಮುಟ್ಟಿದ್ದು ಅಮೆರಿಕದ ಲೂಯಿಸಿಯಾನಾ, ಈಗ ಬ್ಯಾಟನ್ ರೂಜ್‌ನ ಧರ್ಮಪ್ರಾಂತ್ಯದ ವಶದಲ್ಲಿವೆ. ಫ್ರಾನ್ಸಿನ ಬೆಲ್ ಇಲ್ ದ್ವೀಪದಲ್ಲಿ ನೆಲೆಸಿದ ಅಕೇಡಿಯನ್ ಕುಟುಂಬಗಳ ಹತ್ತಿರ ಯಾವ ಕಾಗದವೂ ಇರಲಿಲ್ಲ. 1767ರಲ್ಲಿ ಅವರ ಮನೆಯ ಹಿರಿಯರನ್ನು ಕೂರಿಸಿ, ನಿಮ್ಮ ಅಪ್ಪ ಯಾರು, ತಾತ ಯಾರು, ಯಾರನ್ನು ಮದುವೆಯಾದರು ಎಂದು ಕೇಳಿ ಕೇಳಿ ಬರೆಸಿಕೊಂಡರು. ಇವತ್ತಿಗೂ ಅಕೇಡಿಯಾದ ವಂಶಾವಳಿಗೆ ಆ ಬಾಯಿಮಾತಿನ ಕಾಗದಗಳೇ ದೊಡ್ಡ ಆಧಾರ.

ಎಲ್ಲಿ ಹುಡುಕಬೇಕು ಅಂದರೆ, ಕಳೆದ ಒಂದೂವರೆ ಶತಮಾನದಲ್ಲಿ ಬೇರೆಯವರು ಬಹಳಷ್ಟು ಕೆಲಸ ಮಾಡಿಟ್ಟಿದ್ದಾರೆ. ಸಿಪ್ರಿಯೆಂ ತಾಂಗೆ ಎಂಬ ಪಾದ್ರಿ 1871ರಿಂದ 1890ರವರೆಗೆ ಏಳು ಸಂಪುಟದ ಮನೆತನಗಳ ನಿಘಂಟು ತಂದರು. ಒಬ್ಬರೇ ಮನುಷ್ಯ ಇಷ್ಟು ಮಾಡಿದ್ದೇ ದೊಡ್ಡದು, ಆದರೆ ತಪ್ಪುಗಳಿವೆ, ಅದನ್ನೊಂದನ್ನೇ ನಂಬಬೇಡಿ. 1899ರಲ್ಲಿ ಶುರುವಾದ ದ್ರುವೆಂ ಸಂಸ್ಥೆ 1940ರ ದಶಕದಲ್ಲಿ ಚರ್ಚಿನ ಪುಸ್ತಕಗಳನ್ನು ಮೈಕ್ರೋಫಿಲ್ಮ್ ಮಾಡಿತು, ಈಗ ಅವು ಆನ್‌ಲೈನ್‌ನಲ್ಲಿವೆ, ಚಂದಾ ಕೊಡಬೇಕು. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 1966ರಿಂದ ಹಳೇ ದಾಖಲೆಗಳನ್ನು ಒಂದಕ್ಕೊಂದು ಜೋಡಿಸಿ ಕುಟುಂಬಗಳನ್ನೇ ಮತ್ತೆ ಕಟ್ಟಿದ್ದಾರೆ. 1800ಕ್ಕಿಂತ ಹಿಂದಿನದಕ್ಕೆ ಅದರಷ್ಟು ನಂಬಿಕೆಯದು ಬೇರೆ ಇಲ್ಲ ಎಂದೇ ನನ್ನ ಅಭಿಪ್ರಾಯ. ನೋಟರಿ ಕಾಗದಗಳಿಗೆ ಕ್ವಿಬೆಕ್‌ನ ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆ ಸಂಸ್ಥೆ ಇದೆ. ಕಷ್ಟ ಇರುವುದು ಹತ್ತಿರದ ಕಾಲದ್ದರಲ್ಲೇ. ಇತ್ತೀಚಿನ ದಾಖಲೆಗಳು ಸಾರ್ವಜನಿಕರಿಗೆ ತೆರೆದಿಲ್ಲ. ಹಾಗಾಗಿ ಮೊದಲ ಎರಡು ಮೂರು ತಲೆಮಾರನ್ನು ಮನೆಯ ಹಿರಿಯರ ಬಾಯಿಂದ, ಶವಸಂಸ್ಕಾರದ ಕಾರ್ಡಿನಿಂದ, ಸಮಾಧಿ ಕಲ್ಲಿನಿಂದ ತುಂಬಿಕೊಳ್ಳಬೇಕು. ‘ಅಪ್ಪ ಅಮ್ಮ ಗೊತ್ತಿಲ್ಲ’ ಎಂದು ದಾಖಲಾದ, ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಮಗು ಸಿಕ್ಕರೆ ಕಾಗದದ ದಾರಿ ಅಲ್ಲಿಗೆ ನಿಂತಿತು. ಮುಂದಿನದು ಡಿಎನ್ಎ ಪರೀಕ್ಷೆಯ ಕೆಲಸ.

ಈ ದಾಖಲೆಗಳು ಬರೀ ಹವ್ಯಾಸಕ್ಕಲ್ಲ, ಡಾಕ್ಟರುಗಳಿಗೂ ಬೇಕಾಗಿವೆ. ಕಣ್ಣಿನ ನರ ಕೆಡಿಸುವ ಲೆಬರ್ ಎಂಬ ಒಂದು ಕಾಯಿಲೆ ತಾಯಿಯಿಂದ ಮಾತ್ರ ಮಕ್ಕಳಿಗೆ ದಾಟುತ್ತದೆ. ಕ್ವಿಬೆಕ್‌ನಲ್ಲಿ ಇದು ಇರುವವರ ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಹೆಣ್ಣಿನ ದಾರಿಯಲ್ಲೇ ಹಿಂದೆ ಹೋದಾಗ, 1669ರಲ್ಲಿ ಮದುವೆಯಾದ ಒಬ್ಬ ‘ರಾಜನ ಹೆಣ್ಣುಮಗಳ’ ಹತ್ತಿರ ಬಂದು ನಿಂತರು. ಪ್ರತಿ ತಲೆಮಾರಿಗೂ ಮನೆತನದ ಹೆಸರು ಬದಲಾಗುತ್ತಾ ಬರುವ ದಾರಿ ಅದು. ತವರಿನ ಹೆಸರನ್ನು ಪಾದ್ರಿಗಳು ಬರೆಯದೆ ಇದ್ದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ತವರಿನ ಹೆಸರಿನ ಈ ಹಳೇ ರೂಢಿಗೆ 1981ರ ಏಪ್ರಿಲ್‌ನಲ್ಲಿ ಕ್ವಿಬೆಕ್ ಹೊಸ ಬಲ ಕೊಟ್ಟಿತು. ಅಲ್ಲಿ ಮದುವೆಯಾದ ಮೇಲೂ ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಹುಟ್ಟು ಹೆಸರಿನಲ್ಲೇ ವ್ಯವಹಾರ ಮಾಡಬೇಕು. ಗಂಡನ ಹೆಸರು ಬೇಕು ಅಂತ ಆಸೆಪಟ್ಟರೂ ಮದುವೆ ಒಂದೇ ಕಾರಣಕ್ಕೆ ಅದು ಸಿಗುವುದಿಲ್ಲ. ಮಾಂಟ್ರಿಯಲ್‌ಗೆ ಹೋಗಿ ಅಲ್ಲೇ ಮದುವೆಯಾಗುವ ಕನ್ನಡದವರಿಗೂ ಇದೇ ನಿಯಮ. ಮಕ್ಕಳಿಗೆ ಅಪ್ಪನದು, ಅಮ್ಮನದು ಅಥವಾ ಎರಡೂ ಹೆಸರು ಇಡಬಹುದು, ಎರಡಕ್ಕಿಂತ ಜಾಸ್ತಿ ಇಲ್ಲ. 1980ರ ದಶಕದಲ್ಲಿ ಜೋಡಿ ಹೆಸರಿನ ಮಕ್ಕಳು ಬಹಳ ಜನ ಹುಟ್ಟಿದರು. ಈಗ ಅವರೇ ಅಪ್ಪ ಅಮ್ಮ. ಗಾಞೊಂ ತ್ರಾಂಬ್ಲೆ ಎಂಬ ಹುಡುಗಿ ಕೊತೆ ಬುಶಾರ್ ಎಂಬ ಹುಡುಗನ ಜೊತೆ ಸಂಸಾರ ಹೂಡಿದರೆ ಕೂಸಿಗೆ ಇಡಲು ನಾಲ್ಕು ಹೆಸರಿವೆ, ಜಾಗ ಎರಡಕ್ಕೇ. ಯಾವ ಎರಡು ಬಿಡಬೇಕು ಎಂಬುದನ್ನು ಕಾನೂನು ಹೇಳುವುದಿಲ್ಲ, ಮನೆಯವರೇ ಕೂತು ತೀರ್ಮಾನಿಸಬೇಕು.